ಸೋಮವಾರ ಸುರಿದ ಬಿಯರು

ಪಂಚಮಿಗೆ ಹೆಣ್ಣುಮಕ್ಕಳೆಲ್ಲ ಬಸ್ಸು ಹತ್ತಿ ತವರಿಗೆ ಹೋಗುತ್ತಾರೆ. ನನಗೆ ಬಸ್ಸೂ ಬೇಡ. ಗಂಗಾವತಿಯ ಹೊರಗೆ ಕಾಲುವೆಯ ಒಂದು ದಂಡೆಗೆ ಗಂಡನ ಮನೆ, ಇನ್ನೊಂದು ದಂಡೆಗೆ ತವರು. ಗಂಡನ ಮನೆಯ ಮಾಳಿಗೆ ಹತ್ತಿದರೆ ಅವ್ವ ಒಣಹಾಕಿದ ಸೀರೆ ಕಾಣುತ್ತದೆ. ಆದರೂ ಎರಡು ಪಂಚಮಿ ನಾನು ಅಲ್ಲಿಗೆ ಹೋಗಿರಲಿಲ್ಲ. ಇಬ್ಬರು ಗಂಡಸರ ಸಿಟ್ಟಿಗೆ ನನ್ನ ಹಬ್ಬ ಹಾಳಾಗಿತ್ತು.

ನನ್ನ ಗಂಡ ಗವಿಸಿದ್ದೇಶನಿಗೂ ನನ್ನ ತಮ್ಮ ಪ್ರಭುರಾಜನಿಗೂ ನೀರಿಗಾಗಿ ಜಗಳ. ಭತ್ತ ಕಾಳುಗಟ್ಟುವ ಹೊತ್ತಿನಲ್ಲಿ ತಮ್ಮ ನಮ್ಮ ಹೊಲದ ತೂಬು ಮುಚ್ಚಿದ. ಗಂಡ ಸಲಿಕೆ ಎತ್ತಿದ. ತಮ್ಮ ಅದನ್ನು ಕಸಿದುಕೊಂಡು ಅದರ ಕಾವಿನಿಂದಲೇ ಗಂಡನ ಮುಂದಿನ ಹಲ್ಲು ಉದುರಿಸಿದ. "ಇನ್ನೊಮ್ಮಿ ಈ ಕಡಿ ಬಂದ್ರ ಭತ್ತಕ್ಕ ಹೊಡಿಯೋ ಔಷಧಿ ನಿನಗ ಕುಡಸ್ತೀನಿ!" ಎಂದು ಊರೆಲ್ಲ ಕೇಳುವಂತೆ ಕೂಗಿದ. ಗಂಡ ಬಾಯಿಯ ರಕ್ತ ಒರೆಸಿಕೊಳ್ಳುತ್ತ ಮನೆಗೆ ಬಂದು ನನಗೆ ಹೇಳಿದ: "ಆ ಮನಿ ಹೊಸ್ತಿಲಾ ದಾಟಿದ್ಯೋ, ತಿರುಗಿ ಈ ಮನಿಗಿ ಬರಬ್ಯಾಡ."

ಈ ವರ್ಷ ತಮ್ಮನಿಗೆ ಬುದ್ಧಿ ಬಂತೋ, ಅವ್ವನ ಕಣ್ಣೀರಿಗೆ ಸೋತನೋ, ತಾನಾಗಿ ಫೋನ್ ಮಾಡಿದ. ಅಪ್ಪನ ಕಾಲದ ರೈಸ್ ಮಿಲ್ಲು ಮುಚ್ಚಿತ್ತಲ್ಲ, ಅದರಲ್ಲಿ ಬಿಯರ್ ಮಾಡುವ ಬ್ರೂವರಿ ಹಾಕಿದ್ದ. "ಅಕ್ಕಾ, ಮೊದಲನೇ ಗ್ಲಾಸು ಮಾಮಾನ ಕುಡೀಬೇಕು. ಕರಕೊಂಡು ಬಾ. ಪಂಚಮಿಗಿ ನಾನ ಬಂದು ನಿನ್ನ ಕರಕೊಂಡು ಹೋಗ್ತೀನಿ." ನಾನು ಫೋನ್ ಹಿಡಿದು ಅತ್ತೇಬಿಟ್ಟೆ.

ಉದ್ಘಾಟನೆಗೆ ಮುಹೂರ್ತ ಹಿಡಿಸಿದವಳು ಅವ್ವ. ಬಿಯರ್ ಫ್ಯಾಕ್ಟರಿಗೂ ಶಿವನ ವಾರವೇ ಆಗಬೇಕೆಂದಳು. ನಮ್ಮಲ್ಲಿ ಕುಡಿಯುವ ಗಂಡಸರೂ ಸೋಮವಾರ ಮುಟ್ಟುವುದಿಲ್ಲ. ನನ್ನ ಗಂಡನೂ ಅಷ್ಟೇ. ಆದರೂ ನನ್ನ ಮುಖ ನೋಡಿ ಒಪ್ಪಿದ. "ನಿನ್ನ ಸಲುವಾಗಿ ಒಂದು ಸೋಮವಾರ ನೇಮ ಬಿಟ್ಟೇನಿ, ಲೀಲಾ. ಶಿವಗ ನಾನ ಹೇಳ್ಕೊಂತೀನಿ" ಎಂದ. ಮದುವೆಯಾದಾಗಿನಿಂದ ಅವನ ಮೇಲೆ ಅಷ್ಟು ಪ್ರೀತಿ ಬಂದದ್ದು ಅಂದೇ.

ಮಿಲ್ಲಿನೊಳಗೆ ಭತ್ತದ ಧೂಳಿನ ಜಾಗದಲ್ಲಿ ಸ್ಟೀಲಿನ ಟ್ಯಾಂಕುಗಳು ನಿಂತಿದ್ದವು. ಊರಿನ ಹಿರಿಯರು ಕುರ್ಚಿಯಲ್ಲಿ ಕೂತಿದ್ದರು. ತಮ್ಮ ಗಾಜಿನ ಜಗ್ಗಿಗೆ ಬಿಯರ್ ಹಿಡಿದು, ಅದರಿಂದ ಒಂದು ಗ್ಲಾಸು ತುಂಬಿ ಎರಡೂ ಕೈಯಿಂದ ನನ್ನ ಗಂಡನಿಗೆ ಕೊಟ್ಟ. ಬಂಗಾರದ ಬಣ್ಣ, ಮೇಲೆ ಬಿಳಿ ನೊರೆ.

"ಇದಕ್ಕ ಪೇಲ್ ಏಲ್ ಅಂತಾರ್ರಿ ಮಾಮಾ. ಹಾಪ್ಸ್ ಅಂತ ಒಂದು ಹೂವು ಹಾಕೇನಿ."

ಗಂಡ ದೊಡ್ಡ ಗುಟುಕು ಎಳೆದ. ಮುಖ ಕಿವುಚಿತು. ಹಲ್ಲಿಲ್ಲದ ಸಂದಿಯಿಂದ ಪಿಚಕ್ಕನೆ ಉಗುಳಿದ. ಭತ್ತಕ್ಕೆ ಔಷಧಿ ಹೊಡೆದು ಬಂದ ದಿನ ಅವನು ತುಟಿ ಒರೆಸಿಕೊಂಡು "ಕಹಿ, ಕಹಿ" ಎಂದು ಉಗುಳುತ್ತಿದ್ದ. ಅದೇ ಉಗುಳು ಅದು.

"ಕಹಿ ಐತಿ."

"ಕಹಿ ಇರೂದರಿ. ಸ್ವಲ್ಪ ತಡೀರಿ, ಹಿಂದಿನಿಂದ ಕಿತ್ತಳಿ ಸಿಪ್ಪಿ ವಾಸನಿ ಬರತೈತಿ."

"ಹಿಂದಿನಿಂದ ಏನು ಬರತೈತಿ ನನಗ ಗೊತ್ತೈತಿ." ಗಂಡ ಗ್ಲಾಸು ಮುಂದೆ ಚಾಚಿದ. "ನೀ ಕುಡಿ."

ತಮ್ಮ ನಕ್ಕ. ಆ ನಗು ಇವತ್ತಿಗೂ ನನಗೆ ಬೆಂಕಿ. "ಇವತ್ತು ಸೋಮವಾರಲ್ಲರಿ ಮಾಮಾ. ನಾ ಮುಟ್ಟಂಗಿಲ್ಲ."

ಗಂಡ ಗ್ಲಾಸನ್ನು ಅವನ ಮುಖಕ್ಕೇ ಅಪ್ಪಳಿಸಿದ.

ಗಾಜು ಒಡೆದ ಸದ್ದು, ತಮ್ಮನ ಚೀರಾಟ. ಎಡಗಣ್ಣಿನ ಜಾಗದಲ್ಲಿ ರಕ್ತ ಬಿಟ್ಟರೆ ಏನೂ ಕಾಣಲಿಲ್ಲ. ತಮ್ಮ ಕುರುಡನ ಹಾಗೆ ತಡವರಿಸಿ, ಬಿಯರಿನ ಕಾಳು ಕಲಕುವ ಉದ್ದನೆಯ ಮರದ ಹುಟ್ಟು ಸಿಕ್ಕಿದ್ದೇ ತಡ, ಬೀಸಿದ. ಗಂಡನ ಹೆಗಲ ಮೂಳೆ ಲಟಕ್ಕೆಂದಿತು. ಹಿರಿಯರು ಕುರ್ಚಿ ಉರುಳಿಸಿ ಬಾಗಿಲಿಗೆ ಓಡಿದರು. ಟ್ಯಾಂಕು ತೊಳೆಯುವ ಹನಮೇಶ ಬಿಡಿಸಲು ಹೋಗಿ ಹುಟ್ಟಿನ ಪೆಟ್ಟು ತಿಂದು ಬಿದ್ದ. ಗಂಡ ಒಂದೇ ಕೈಯಲ್ಲಿ ತಮ್ಮನ ಕುತ್ತಿಗೆ ಹಿಡಿದು ತಲೆಯನ್ನು ಟ್ಯಾಂಕಿಗೆ ಗುದ್ದತೊಡಗಿದ. "ವಿಷ ಹಾಕ್ತಿ? ನನಗ ವಿಷ ಹಾಕ್ತಿ?" ಒಂದೊಂದು ಗುದ್ದಿಗೂ ಟ್ಯಾಂಕು ಢಣ್ ಎನ್ನುತ್ತಿತ್ತು. ತಮ್ಮನ ಕಾಲು ಸೋತು ಬರುತ್ತಿತ್ತು. ಅವ್ವ ನೆಲಕ್ಕೆ ಬಿದ್ದು ಬಾಯಿ ಬಡಿದುಕೊಳ್ಳುತ್ತಿದ್ದಳು. ನಾನು ಗಂಡನ ಅಂಗಿ ಎಳೆದೆ, ಬೆನ್ನು ಕಚ್ಚಿದೆ. ಅವನಿಗೆ ಸೊಳ್ಳೆ ಕಚ್ಚಿದಷ್ಟೂ ಆಗಲಿಲ್ಲ.

ಮೇಜಿನ ಮೇಲೆ ಜಗ್ಗು ಹಾಗೇ ಇತ್ತು. ಗಂಡ ಕುಡಿದದ್ದು ಅದರದ್ದೇ. ಒಂದು ಕ್ಷಣ ನನಗೂ ಅನುಮಾನ ಬಂತು. ನನ್ನ ತಮ್ಮನೇ, ನಾನು ಎತ್ತಿ ಆಡಿಸಿದವನೇ, ಆದರೂ ಬಂತು. ಬಂದರೆ ಬರಲಿ ಎಂದು ಜಗ್ಗು ಎತ್ತಿದೆ. "ರೀ! ಇಲ್ಲಿ ನೋಡ್ರಿ! ವಿಷ ಇದ್ರ ನಾನೂ ಸಾಯ್ತೀನಿ!"

ಗಟಗಟ ಕುಡಿದೆ. ಹಾಗಲಕಾಯಿಯ ರಸದಂಥ ಕಹಿ ಗಂಟಲು ಹಿಡಿಯಿತು. ಸೆರಗಿನ ಮೇಲೆಲ್ಲ ಚೆಲ್ಲಿಕೊಂಡು ಕುಡಿದೆ. ಗಂಡನ ಕೈ ಸಡಿಲವಾಯಿತು. ತಮ್ಮ ಟ್ಯಾಂಕಿಗೆ ಒರಗಿಕೊಂಡೇ ಕುಸಿದ. ಗಂಡ ನನ್ನನ್ನೇ ನೋಡುತ್ತ ನಿಂತ. ನಾನು ಬೀಳುತ್ತೇನೆಂದು ಕಾಯುತ್ತಿದ್ದ. ನಾನು ಬೀಳಲಿಲ್ಲ. ತೇಗು ಬಂತು, ಅಷ್ಟೇ. ಅವನ ಮುಖ ಬೂದಿಯಾಯಿತು. "ಲೀಲಾ..." ಎಂದ.

ನಾನು ಹೋಗಿ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಸೆರಗಿನಿಂದ ಕಣ್ಣು ಒತ್ತಿ ಹಿಡಿದೆ. ಉಳಿದ ಒಂದು ಕಣ್ಣಿನಿಂದ ನನ್ನನ್ನು ಹುಡುಕಿ, ಆ ಹುಚ್ಚ ಕೇಳಿದ: "ಅಕ್ಕಾ, ಹೆಂಗೈತಿ?"

ನಾಲಿಗೆ ಚಪ್ಪರಿಸಿದೆ. ಅವನು ಹೇಳಿದ್ದು ನಿಜವಾಗಿತ್ತು.

"ಕಿತ್ತಳಿ ಬಂತು ನೋಡೋ, ಪ್ರಭೂ," ಎಂದೆ. "ಛಲೋ ಐತಿ."

ಅವನ ಕಣ್ಣು ಉಳಿಯಲಿಲ್ಲ. ಕೇಸು ನಡೆದಿದೆ. ಗಂಡ ಜಾಮೀನಿನ ಮೇಲೆ ಬಂದ ಮೇಲೆ ತನ್ನ ದಂಡೆಗೆ ನಿಂತು ಫೋನ್ ಮಾಡುತ್ತಾನೆ: "ನಾ ಹೊಸ್ತಿಲಾ ದಾಟಬ್ಯಾಡ ಅಂದದ್ದು ಮರತುಬಿಡು. ಮನಿಗಿ ಬಾ." ಅವ್ವನ ಮಾಳಿಗೆ ಹತ್ತಿದರೆ ಅವನು ಕಾಣುತ್ತಾನೆ, ಹೆಗಲಿಗೆ ಪಟ್ಟಿ ಕಟ್ಟಿಕೊಂಡು. ಈ ಸಲ ಪಂಚಮಿ ತವರಿನಲ್ಲೇ ಆಯಿತು. ಅವನು ಅಂದದ್ದನ್ನು ನಾನು ಮರೆತಿಲ್ಲ.