ನರಸಪ್ಪನ ಮಂದೆಯ ಹಿಂದೆ

ಎಪ್ಪತ್ತೇಳರ ಜನವರಿ. ನಾನಾಗ ಕೊರಟಗೆರೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್. ನಮ್ಮ ಓಬಳಮ್ಮನಿಗೆ ನರ್ಸ್ ತರಬೇತಿಗೆ ಸೀಟು ಸಿಕ್ಕಿದೆ ಎಂಬ ಕಾಗದ ಮಂಗಳವಾರ ಸಂಜೆ ಕೈಸೇರಿತು. ಗುರುವಾರ ಐದು ಗಂಟೆಯೊಳಗೆ ತಂದೆಯ ಹೆಬ್ಬೆಟ್ಟಿರುವ ಒಪ್ಪಿಗೆ ಪತ್ರದೊಂದಿಗೆ ತುಮಕೂರಿನ ಕಚೇರಿಗೆ ಹಾಜರಾಗಬೇಕು. ಇಲ್ಲವಾದರೆ ಸೀಟು ಪಟ್ಟಿಯಲ್ಲಿ ಅವಳ ನಂತರದವಳಿಗೆ.

ತಂದೆ ನರಸಪ್ಪ ಕುರಿ ಹೊಡೆದುಕೊಂಡು ಹೋಗಿ ತಿಂಗಳಾಗಿತ್ತು. ಎಲ್ಲಿದ್ದಾರೆ ಎಂದರೆ ಓಬಳಮ್ಮ ಬಡಗಲ ಕಡೆಗೆ ಕೈ ಬೀಸಿದಳು. "ಕಡ್ಲೆಕಾಯಿ ಕಿತ್ತಿರೋ ಹೊಲ ಎಲ್ಲೈತೋ ಅಲ್ಲಿರ್ತಾರೆ ಮಿಸ್. ಯಾರು ಗೊಬ್ಬರಕ್ಕೆ ಕರೀತಾರೋ ಅವರ ಹೊಲದಾಗೆ ರಾತ್ರಿ ಮಂದೆ ನಿಲ್ಲಿಸ್ತಾರೆ. ನಾನೂ ಬತ್ತೀನಿ."

ಬಸ್ಸು ನಂಬಿ ಹೊಲ ಹೊಲ ಹುಡುಕುವಂತಿರಲಿಲ್ಲ. ಬಸ್‌ಸ್ಟ್ಯಾಂಡಿನೆದುರು ಗ್ಯಾರೇಜು ಇಟ್ಟಿದ್ದ ಮುಕ್ತಾರ್ ಬಳಿ ಮಿಲಿಟರಿ ಹರಾಜಿನಲ್ಲಿ ಕೊಂಡ ಮೋಟಾರ್ ಸೈಕಲ್ಲು ಇತ್ತು. ಎತ್ತರದ ಗಾಡಿ, ದಪ್ಪ ಹಲ್ಲಿನ ಟೈರು. ಡಾಂಬರು ಮುಗಿದರೂ ಅದಕ್ಕೆ ದಾರಿ ಮುಗಿಯುತ್ತಿರಲಿಲ್ಲ. ಸದ್ದು ಮಾತ್ರ ಅರ್ಧ ಮೈಲಿಗೆ ಕೇಳುತ್ತಿತ್ತು. ಹಿಂದೆ ಒಬ್ಬರಿಗಷ್ಟೇ ಜಾಗ. ವಯಸ್ಸಿಗೆ ಬಂದ ಹುಡುಗಿಯನ್ನು ಗಂಡಸಿನ ಹಿಂದೆ ಕೂರಿಸಿ ಕಳಿಸುವುದು ಹೇಗೆ? ನಾನೇ ಹೊರಟೆ. ಅದೇ ತಪ್ಪಾಯಿತು ಎಂದು ಗೊತ್ತಾಗಲು ಒಂದೂವರೆ ದಿನ ಬೇಕಾಯಿತು.

ಬುಧವಾರ ಮಧುಗಿರಿ ದಾಟಿ ಸಿರಾ ಸುತ್ತಮುತ್ತ ಅಲೆದೆವು. ಸೀರೆಯುಟ್ಟು ಒಂದೇ ಪಕ್ಕಕ್ಕೆ ಕೂತು ನನ್ನ ಸೊಂಟ ಮರಗಟ್ಟಿತ್ತು. ಗಾಡಿ ನಿಂತರೆ ಕೂತಿರಲಾಗದು, ಓಡಿದರೆ ಇನ್ನೂ ಬೇಗ ಓಡಬಾರದೇ ಎನಿಸುವುದು. ಹೊಲದಲ್ಲಿ ಕುರಿಹಿಕ್ಕೆ ಕಂಡಲ್ಲೆಲ್ಲ ಮುಕ್ತಾರ್ ಇಳಿದು ಕಾಲಿನಿಂದ ಒತ್ತಿ ನೋಡುವನು.

"ಇದು ಹಳೇದು ಟೀಚರಮ್ಮ. ವಾರ ಆಗೈತೆ."

"ಅದೂ ಗೊತ್ತಾಗುತ್ತಾ ನಿಮಗೆ?"

"ಎಂಜಿನ್ ಬಿಸಿ ನೋಡೋನಿಗೆ ಇದೇನು ಮಹಾ?"

ಕುರಿಯವರೆಲ್ಲ ಪಾವಗಡದ ಕಡೆ ಹೋದರೆಂದು ಬೋರಯ್ಯ ಎಂಬ ರೈತರು ಸಂಜೆ ಹೇಳಿದರು. ಸಿರಾದಲ್ಲಿ ಮುಕ್ತಾರ್ ತಾಯಿ ಖಾಜಾಬಿಯವರ ಮನೆಯಲ್ಲಿ ಉಳಿದೆವು. ಅವರು ಏನೂ ಕೇಳದೆ ನನ್ನ ಸೊಂಟಕ್ಕೆ ಬಿಸಿ ಉಪ್ಪಿನ ಗಂಟು ಇಟ್ಟರು. ಬೆಳಿಗ್ಗೆ ನೋಡಿದರೆ ಗಾಡಿಯ ಹಿಂದಿನ ಸೀಟಿಗೆ ಹಳೆಯ ರಜಾಯಿಯೊಂದು ಮಡಚಿ ಕಟ್ಟಿತ್ತು.

ಗುರುವಾರ ಎಂಟಕ್ಕೆ ಪಾವಗಡ. ಬಸ್‌ಸ್ಟ್ಯಾಂಡಿನಲ್ಲಿ ಫೈಲು ತೆರೆದು, ಕಾಗದ ನೋಡಿಕೊಂಡು ಗಟ್ಟಿಯಾಗಿ ವಿಚಾರಿಸಿದೆ. ಕುರಿಮಂದೆಯ ನರಸಪ್ಪ, ವಯಸ್ಸು ನಲವತ್ತೈದು, ಮೂರು ಮಕ್ಕಳ ತಂದೆ. ವೈ.ಎನ್.ಹೊಸಕೋಟೆ ದಾರಿಯಲ್ಲಿ ಕಂಡಿದ್ದಾಗಿ ಒಬ್ಬರು ಹೇಳಿದರು. ಇನ್ನೊಬ್ಬರು ನನ್ನನ್ನೇ ದಿಟ್ಟಿಸಿ ನೋಡಿ ಬಸ್ಸು ಹತ್ತಿದರು. ನಾವು ಕಾಫಿ ಕುಡಿದು ಹೊರಡುವಷ್ಟರಲ್ಲಿ ಆ ಬಸ್ಸು ಮುಂದೆ ಹೋಗಿತ್ತು.

ಆ ದಾರಿಯ ಹೊಲವೊಂದರಲ್ಲಿ ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಮಂದೆ ಇಲ್ಲ. ದೂರದಲ್ಲಿ ಗುಡ್ಡದ ಬುಡದಲ್ಲಿ ಧೂಳು. ಮುಕ್ತಾರ್ ಗಾಡಿಯನ್ನು ಹೊಲಕ್ಕೆ ಇಳಿಸಿದ. ಬದು ಹಾರಿ, ಹಳ್ಳದ ಮರಳು ದಾಟಿ ನಾವು ಹತ್ತಿರವಾದಷ್ಟೂ ಧೂಳು ಗುಡ್ಡ ಹತ್ತಿತು. ಗಂಟೆ ಹತ್ತೂವರೆ.

ಹುಣಸೆಮರದ ಕೆಳಗೆ ಕಡಲೆಕಾಯಿ ಸುಲಿಯುತ್ತಿದ್ದ ಮುದುಕಿ ರಂಗಕ್ಕ ನಮ್ಮನ್ನು ನೋಡಿ ನಕ್ಕು, ತೆಲುಗು ಬೆರೆಸಿ ಕೇಳಿದಳು.

"ಏಮಮ್ಮಾ, ನೀವು ಎಷ್ಟು ಜೋರಾಗಿ ಬತ್ತೀರೋ ವಾಡು ಅಷ್ಟು ಜೋರಾಗಿ ಓಡ್ತಾನೆ. ಆಪರೇಷನ್ನೋರು ಅಲ್ವಾ ನೀವು?"

"ಯಾವ ಆಪರೇಷನ್?"

"ಗಂಡಸ್ರನ್ನ ಹಿಡ್ಕೊಂಡೋಗಿ ಮಕ್ಕಳಾಗದಂಗೆ ಮಾಡ್ತಾರಲ್ಲ. ಕನ್ನಡಕ, ಫೈಲು, ಫಟಫಟಿ. ಮೂರು ಮಕ್ಕಳೋನು ಯಾರು ಅಂತ ಕೇಳ್ಕೊಂಡು ಬತ್ತೌರೆ ಅಂತ ಬಸ್ನೋರೇ ಹೇಳೋದ್ರು."

ಮುಕ್ತಾರ್ ತಲೆಯ ಮೇಲೆ ಕೈಯಿಟ್ಟುಕೊಂಡ. "ನಮ್ಮ ಬೀದೀಲೇ ನಾಕು ಜನ ಹಿಂಗೇ ಓಡಿದ್ರು. ನನಗೆ ಹೊಳೀಲಿಲ್ಲ ನೋಡಿ." ಓಬಳಮ್ಮನನ್ನೇ ಕಳಿಸಿದ್ದರೆ ಮಗಳ ಮುಖ ಕಂಡ ತಂದೆ ಎದುರಿಗೇ ಬರುತ್ತಿದ್ದ.

ಗಾಡಿಯನ್ನು ಅಲ್ಲೇ ನಿಲ್ಲಿಸಿದೆವು. ಕನ್ನಡಕ, ಫೈಲು ರಂಗಕ್ಕನ ಮಡಿಲಿಗಿಟ್ಟು, ಕಾಗದವೊಂದನ್ನೇ ಹಿಡಿದು ಗುಡ್ಡ ಹತ್ತಿದೆ. ಕಣ್ಣು ಮಂಜು, ಎರಡು ಸಲ ಎಡವಿದೆ. ಎರಡನೆಯ ಸಲ ಬಿದ್ದಾಗ ಮೇಲಿನಿಂದ ಹೆಂಗಸೊಬ್ಬಳು ಇಳಿದು ಬಂದು ರಟ್ಟೆ ಹಿಡಿದು ಎತ್ತಿದಳು. ನರಸಪ್ಪನ ಹೆಂಡತಿ ಕೆಂಪಕ್ಕ.

"ಹಾಸ್ಟಲ್ ಅಮ್ಮ ಕಣೋ. ಯುಗಾದೀಲಿ ನೋಡಿದ್ದೆ," ಎಂದು ಕೂಗಿದಳು.

ನರಸಪ್ಪ ಬಂಡೆಯ ಹಿಂದಿನಿಂದ ಬಂದ. ಹತ್ತು ಮಾರು ದೂರದಲ್ಲೇ ನಿಂತ. ನಾನು ಎಲ್ಲವನ್ನೂ ಹೇಳಿ ಕಾಗದ ಚಾಚಿದೆ.

"ನಮ್ಮ ಹುಚ್ಚಣ್ಣಂಗೂ ಇಂಗೇ ಅಂದ್ರು. ಎಣ್ಣೆ ಡಬ್ಬ ಕೊಡ್ತೀವಿ, ಹೆಬ್ಬೆಟ್ಟು ಒತ್ತು ಅಂದ್ರು. ಒತ್ತಿದ್ಮೇಲೆ ಆಪರೇಷನ್ ಮಾಡೇಬುಟ್ರು."

"ಇದು ನಿಮ್ಮ ಮಗಳ ಸೀಟಿನ ಕಾಗದ. ಓದಿ ಹೇಳ್ತೀನಿ, ಕೇಳಿ."

"ನೀವು ಓದಿದ್ದು ಅದರಾಗೆ ಐತೆ ಅಂತ ನಂಗೆಂಗೆ ತಿಳೀಬೇಕು?"

ಗಂಟೆ ಹನ್ನೊಂದಾಗಿತ್ತು. ಅವನು ಕೋಲಿನ ಮೇಲೆ ಗಲ್ಲವಿಟ್ಟು ಕಾಗದವನ್ನೇ ನೋಡಿದ.

"ಒತ್ತೀನಿ. ಇಲ್ಲಿ ಮಾತ್ರ ಒತ್ತಲ್ಲ. ಓಬ್ಳಿ ಮಕ ನೋಡ್ಕೊಂಡು ಒತ್ತೀನಿ. ಅವಳೇ ಓದಿ ಹೇಳ್ಲಿ. ಆ ಫಟಫಟಿ ಐದ್ರೊಳಗೆ ತುಮಕೂರಿಗೆ ಓಯ್ತದಾ?"

"ಹೋಗುತ್ತೆ. ದಾರೀಲಿ ಕೊರಟಗೆರೇಲಿ ಮಗಳನ್ನ ತುಮಕೂರಿನ ಬಸ್ಸು ಹತ್ತಿಸಿ."

"ಅಂಗಾದ್ರೆ ನಾನು ವಾಪಸ್ ಬರಗಂಟ ನೀವು ಇಲ್ಲೇ ಇರ್ಬೇಕು."

ಕೆಂಪಕ್ಕ ಹಣೆ ಚಚ್ಚಿಕೊಂಡಳು. "ಲೇ, ಓದ್ಸಿದ ತಾಯಿನ ಒತ್ತೆ ಇಟ್ಕೊಳ್ತೀಯಾ?"

"ಇರ್ತೀನಿ," ಎಂದೆ.

ಕಾಗದ ಮಡಚಿ ಮುಕ್ತಾರ್ ಜೇಬಿಗಿಟ್ಟೆ. ನರಸಪ್ಪ ಗಾಡಿ ಹತ್ತಿದ್ದನ್ನು ನೋಡಬೇಕಿತ್ತು. ಮುಕ್ತಾರ್ ಸೊಂಟವನ್ನು ಎರಡು ಕೈಯಲ್ಲೂ ತಬ್ಬಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಅವನ ಬೆನ್ನಿಗೊತ್ತಿಕೊಂಡ. "ಉಸಿರಾಡಕ್ಕಾದ್ರೂ ಬಿಡಪ್ಪ, ಗಾಡಿ ಹೊಡೀಬೇಕು ನಾನು," ಎಂದ ಮುಕ್ತಾರ್. ಸದ್ದು ಹಳ್ಳದಾಚೆ ಕರಗಿತು.

ನೂರಮೂವತ್ತು ಕಿಲೋಮೀಟರ್ ರಸ್ತೆ ಇಡೀ ಮಧ್ಯಾಹ್ನ ನನ್ನ ತಲೆಯಲ್ಲೇ ಓಡಿತು. ಈಗ ಪಾವಗಡ, ಈಗ ಮಧುಗಿರಿ. ಒಂದು ಪಂಕ್ಚರಾದರೆ? ಕೂರುವೆ, ಏಳುವೆ, ಬದುವಿನ ಮೇಲೆ ಹತ್ತಿ ನೋಡುವೆ. ಕೆಂಪಕ್ಕ ಸುಮ್ಮನಿರಿ ಎನ್ನಲಿಲ್ಲ; ಎರಡು ದಿನದ ಮರಿಯೊಂದನ್ನು ನನ್ನ ಕೈಗೆ ಕೊಟ್ಟು, "ಇದ್ರ ತಾಯಿ ಆಲು ಕುಡ್ಸಲ್ಲ ಅಂತೈತೆ, ಇಡ್ಕೊಂಡು ಓಡಾಡಿ," ಎಂದಳು. ಐದು ಗಂಟೆಯಾದಾಗ ನಾನು ಗಡಿಯಾರ ಬಿಚ್ಚಿ ಸೆರಗಿನಲ್ಲಿ ಕಟ್ಟಿದೆ. ರಾತ್ರಿ ಇದ್ದ ಎರಡು ಕಂಬಳಿಯಲ್ಲಿ ದಪ್ಪನೆಯದು ನನಗೆ ಬಂತು.

ಶುಕ್ರವಾರ ಮಧ್ಯಾಹ್ನ ಗಾಡಿ ಬಂತು. ನರಸಪ್ಪನ ಕೂದಲೆಲ್ಲ ಹಿಂದಕ್ಕೆ ನಿಂತಿತ್ತು, ಕಣ್ಣು ಕೆಂಪು. ಇಳಿದವನೇ ಹೆಬ್ಬೆರಳು ತೋರಿಸಿದ. ನೇರಳೆ ಮಸಿ.

"ನಾಕೂವರೆಗೆ ಸೇರ್ಕಂಡ್ವಿ. ಮೂರು ಕಡೆ ಒತ್ತಿಸ್ಕೊಂಡ್ರು. ಓಬ್ಳಿ ಒಂದೊಂದು ಸಾಲೂ ಬೆಟ್ಟಿಟ್ಟು ಓದಿದ್ಲು. ನೀವು ಏಳಿದ್ದೇ ಇತ್ತು ಕಣಮ್ಮ ಅದ್ರಾಗೆ."

"ಸೇರಿಸಿಕೊಂಡರಾ?"

"ಸೋಮಾರದಿಂದ ಬಾ ಅಂದವ್ರೆ." ಅವನು ಹೆಬ್ಬೆರಳನ್ನು ಪಂಚೆಗೆ ಒರೆಸಿಕೊಂಡ. "ಇನ್ನು ನೀವು ಓಗ್ಬೋದು."

"ಉಂಡು ಓಗ್ಲಿ," ಕೆಂಪಕ್ಕ ಒಲೆಯಿಂದ ತಲೆಯೆತ್ತಲಿಲ್ಲ. "ನೀನು ಬುಟ್ರೂ ನಾನು ಬುಡಕಿಲ್ಲ."