ಕಾರ್ಡಿನ ಕೆಳಗಿನ ಜೋಡಿಗಳು

ರಾಜಾಜಿನಗರದಿಂದ ಸುಂಕದಕಟ್ಟೆಗೆ ಎಷ್ಟು ದೂರ? ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೂ ಮುಕ್ಕಾಲು ಗಂಟೆ. ಆದರೆ ಕಾಂತರಾಜುವಿನ ಮದುವೆ ಕಾರ್ಡಿನ ಅಂಗಡಿಯಿಂದ ಸುಂಕದಕಟ್ಟೆಯಲ್ಲಿರುವ ಅವನದೇ ಪ್ರೆಸ್ಸಿಗೆ ಒಂದು ಫೈಲು ಇಂಟರ್ನೆಟ್ ಲೈನಿನಲ್ಲಿ ಹೊರಟರೆ, ಬೆಳಗ್ಗೆ ಹೊರಟಿದ್ದು ಸಂಜೆಗೆ ಮುಟ್ಟಿದರೆ ಪುಣ್ಯ. ಪ್ರೆಸ್ಸಿನಲ್ಲಿ ಮಷಿನ್ ಓಡಿಸುವ ಕೆಂಚಪ್ಪ ಹೇಳುವ ಪ್ರಕಾರ, ಹೋದ ವರ್ಷ ಒಂದು ಕಾರ್ಡು ಎಷ್ಟು ನಿಧಾನವಾಗಿ ಬಂತೆಂದರೆ, ಅಚ್ಚು ಹಾಕುವಷ್ಟರಲ್ಲಿ ಹೆಣ್ಣಿನ ಕಡೆಯವರು ಫೋನ್ ಮಾಡಿ, ಅದನ್ನೇ ನಾಮಕರಣಕ್ಕೆ ತಿದ್ದಿಕೊಡಿ ಅಂದರಂತೆ. ಕೆಂಚಪ್ಪ ಸುಳ್ಳು ಹೇಳುವವನಲ್ಲ. ನಿಜವನ್ನು ಸ್ವಲ್ಪ ಎಳೆದು ಉದ್ದ ಮಾಡುತ್ತಾನೆ, ಅಷ್ಟೇ.

ಆ ಕಾರ್ಡುಗಳನ್ನು ಕಂಪ್ಯೂಟರಿನಲ್ಲಿ ಕೂಡಿಸುವವನು ಚಿಕ್ಕಹನುಮಯ್ಯ. ಅರವತ್ತಮೂರು ವಯಸ್ಸು. ನಲವತ್ತು ವರ್ಷದಿಂದ ಅದೇ ಅಂಗಡಿ, ಅದೇ ಗೋಡೆ, ಅದೇ ಟೇಬಲ್ಲು. ಗುರುವಾರ ಹನ್ನೊಂದು ಗಂಟೆಗೆ ಕಾಂತರಾಜು ಬಂದು ಆ ಟೇಬಲ್ಲಿನ ಮೇಲೆ ಕೈಯೂರಿದ.

"ಹನುಮಣ್ಣ, ಅನ್ನಪೂರ್ಣೇಶ್ವರಿ ನಗರದವರ ಕಾರ್ಡು ಇವತ್ತೇ ಅಚ್ಚಾಗ್ಬೇಕು. ಮಧ್ಯಾಹ್ನ ಮೂರು ಗಂಟೆ ಒಳಗೆ ಫೈಲು ಸುಂಕದಕಟ್ಟೆ ಸೇರ್ಲಿಲ್ಲ ಅಂದ್ರೆ ನಾಳೆಯಿಂದ ಡಿಸೈನೂ ಅಲ್ಲೇ ಮಾಡಿಸ್ತೀನಿ. ಈ ಟೇಬಲ್ ತೆಗೆಸ್ಬಿಡ್ತೀನಿ."

"ಮತ್ತೆ ನಾನು, ಯಜಮಾನ್ರೇ?"

"ನೀವು ಮನೇಲಿ ಆರಾಮಾಗಿರಿ. ದುಡಿದಿದ್ದು ಸಾಕು."

ಚಿಕ್ಕಹನುಮಯ್ಯ ನಲವತ್ತು ವರ್ಷ ಹಗಲು ಹೊತ್ತಿನಲ್ಲಿ ಮನೆ ಹೇಗಿರುತ್ತದೆಂದು ನೋಡಿದವನಲ್ಲ. ಅಲ್ಲಿ ಯಾವ ಕುರ್ಚಿ ತನ್ನದು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ.

ಅಷ್ಟರಲ್ಲಾಗಲೇ ಲೈನಿಗೆ ಎಲ್ಲ ವೈದ್ಯವೂ ಆಗಿತ್ತು. ಕೇಬಲ್ಲಿನವನು ಬಂದು ಇಲಿ ಕಡಿದಿದೆ ಎಂದು ವೈರು ಬದಲಿಸಿದ್ದ. ಇನ್ನೊಬ್ಬ ಬಂದು ರೂಟರ್ ಬಿಸಿಯಾಗಿದೆ ಎಂದು ಅದರ ಕಡೆಗೆ ಫ್ಯಾನು ತಿರುಗಿಸಿದ್ದ. ಚಿಕ್ಕಹನುಮಯ್ಯ ತನ್ನ ಪಾಲಿನದೆಂದು ರೂಟರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದ. ಇಷ್ಟಾದರೂ ಬೆಳಗ್ಗೆ ಬಿಟ್ಟ ಫೈಲು, ಕೆರೆಯಿಂದ ಏಳಲೊಲ್ಲದ ಎಮ್ಮೆಯ ಹಾಗೆ, ಶೇಕಡಾ ಹತ್ತರಲ್ಲೇ ನಿಂತಿತ್ತು.

ಹನ್ನೆರಡೂವರೆಗೆ ಕಾಂತರಾಜು ಕರೆಸಿದ ನೆಟ್‌ವರ್ಕ್ ರಿಪೇರಿಯ ಹುಡುಗಿ ರಂಜಿನಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಮೊದಲು ಕಣ್ಣಿಗೆ ಬಿದ್ದಿದ್ದು ನಿಂಬೆಹಣ್ಣು.

"ಇದೇನ್ ಅಂಕಲ್?"

"ದೃಷ್ಟಿಗೆ ಕಣಮ್ಮ."

"ಇರ್ಲಿ ಬಿಡಿ, ಅದೇನ್ ಸಿಗ್ನಲ್‌ಗೆ ಅಡ್ಡ ಬರಲ್ಲ."

ಅವಳು ಮೊದಲು ಒಂದು ಪುಟ್ಟ ಫೈಲು ಕಳಿಸಿ ಕೆಂಚಪ್ಪನಿಗೆ ಫೋನ್ ಮಾಡಿದಳು. ಕಣ್ಣು ಮಿಟುಕಿಸುವುದರಲ್ಲಿ ತಲುಪಿತ್ತು. ಆಮೇಲೆ ತನ್ನ ಮೊಬೈಲಿನಲ್ಲಿದ್ದ ಅಕ್ಕನ ಮಗುವಿನ ವಿಡಿಯೊವನ್ನೂ ಅದೇ ಲೈನಿನಲ್ಲಿ ಕಳಿಸಿದಳು. ಒಂದು ನಿಮಿಷವೂ ಆಗಿರಲಿಲ್ಲ, ಸ್ಪೀಕರಿನಲ್ಲಿ ಕೆಂಚಪ್ಪ ಕೂಗಿದ: "ಬಂತಮ್ಮ! ಮಗು ತಟ್ಟೆ ಎಸೀತಾ ಅದೆ!"

ರಂಜಿನಿ ಕುರ್ಚಿ ತಿರುಗಿಸಿದಳು. "ಅಂಕಲ್, ರಸ್ತೆ ಚೆನ್ನಾಗೇ ಇದೆ. ನಿಮ್ ಗಾಡೀಲಿ ಏನ್ ತುಂಬಿದೀರ?"

"ಒಂದು ಕಾರ್ಡು ಕಣಮ್ಮ. ಎರಡು ಹೆಸ್ರು, ಒಂದು ಗಣಪತಿ."

ಅವಳು ಫೈಲಿನ ತೂಕ ನೋಡಿದಳು. ಹನ್ನೆರಡು ಜಿಬಿ. ನಾಲ್ಕು ಸಿನಿಮಾ ಹಿಡಿಸುವಷ್ಟು. ಫೈಲು ತೆರೆದು, ಒಂದರ ಮೇಲೊಂದು ಗಾಜಿನ ಹಾಳೆಯ ಹಾಗೆ ಕೂರುವ ಲೇಯರುಗಳ ಪಟ್ಟಿ ಎಳೆದಳು. ಎಳೆದಳು, ಎಳೆದಳು, ಪಟ್ಟಿ ಮುಗಿಯಲೇ ಇಲ್ಲ. ಬಚ್ಚಿಟ್ಟಿದ್ದ ಒಂದು ಹಾಳೆಯನ್ನು ಕಾಣುವಂತೆ ಮಾಡಿದಳು. ಇವತ್ತಿನ ಕಾರ್ಡಿನ ಕೆಳಗೆ ಇನ್ನೊಂದು ಕಾರ್ಡು. ಬೇರೆ ಗಂಡು, ಬೇರೆ ಹೆಣ್ಣು, ಬೇರೆ ಗಣಪತಿ. ಅದರ ಕೆಳಗೆ ಮತ್ತೊಂದು ಜೋಡಿ. ಅದರಡಿ ಮತ್ತೊಂದು.

"ಒಂದೇ ಫೈಲಲ್ಲಿ ಸಾವಿರದ ಇನ್ನೂರು ಮದ್ವೆ! ಹಳೇದನ್ನ ಡಿಲೀಟ್ ಮಾಡೇ ಇಲ್ವಾ ಅಂಕಲ್?"

"ಬಿಡ್ತು ಅನ್ನು!" ಚಿಕ್ಕಹನುಮಯ್ಯ ಎದ್ದು ನಿಂತ. "ಮದ್ವೆಯಾದೋರ ಹೆಸ್ರು ಅಳಿಸ್ತಾರೇನಮ್ಮ?"

ವಿಷಯ ಹಳೆಯದು. ಕಾಂತರಾಜುವಿನ ಅಪ್ಪನ ಕಾಲದಲ್ಲಿ ಇದೇ ಅಂಗಡಿಯಲ್ಲಿ ಸೀಸದ ಅಚ್ಚಿನ ಮೊಳೆಗಳಿದ್ದವು. ಚಿಕ್ಕಹನುಮಯ್ಯ ಒಂದೊಂದೇ ಅಕ್ಷರದ ಮೊಳೆ ಆರಿಸಿ ಗಂಡಿನ ಹೆಸರು ಕಟ್ಟುತ್ತಿದ್ದ, ಪಕ್ಕದಲ್ಲೇ ಹೆಣ್ಣಿನ ಹೆಸರು ಕಟ್ಟುತ್ತಿದ್ದ. ಅಚ್ಚಾದ ಮೇಲೆ ಮೊಳೆ ಬಿಚ್ಚಿ ಖಾನೆಗೆ ಹಾಕಬೇಕು, ಇಲ್ಲದಿದ್ದರೆ ಮುಂದಿನ ಕಾರ್ಡಿಗೆ ಅಕ್ಷರವಿಲ್ಲ. ದೊಡ್ಡ ಯಜಮಾನರು ಮಾತ್ರ ಮುಹೂರ್ತ ಮುಗಿಯುವವರೆಗೆ ಹೆಸರಿಗೆ ಕೈ ಹಚ್ಚಲು ಬಿಡುತ್ತಿರಲಿಲ್ಲ. "ಕೊರಳಿಗೆ ತಾಳಿ ಬೀಳ್ಲಿ, ಆಮೇಲ್ ಬಿಚ್ಚೋ" ಅನ್ನುತ್ತಿದ್ದರು. ಆಮೇಲೆ ಬಿಚ್ಚುವಾಗಲೂ ಚಿಕ್ಕಹನುಮಯ್ಯನ ಬೆರಳು ಹಿಂಜರಿಯುತ್ತಿತ್ತು. ಕೂಡಿಸಿದವನೂ ತಾನೇ, ಬೇರೆ ಮಾಡುವವನೂ ತಾನೇ. ಕಂಪ್ಯೂಟರ್ ಬಂದ ದಿನ, ಇನ್ನು ಯಾರನ್ನೂ ಬಿಚ್ಚುವ ಕೆಲಸವಿಲ್ಲ ಎಂದು ಅವನು ಓಣಿಗೆಲ್ಲ ಕಲ್ಲುಸಕ್ಕರೆ ಹಂಚಿದ್ದ. ಅಂದಿನಿಂದ ಹಳೆಯ ಜೋಡಿಯನ್ನು ಬಚ್ಚಿಟ್ಟು, ಅದರ ಮೇಲೆಯೇ ಹೊಸ ಜೋಡಿಯನ್ನು ಕೂರಿಸುತ್ತ ಬಂದಿದ್ದ.

ಅಷ್ಟು ಹೊತ್ತಿಗೆ ಕಾಂತರಾಜು ಒಳಗೆ ಬಂದ. ರಂಜಿನಿ ಹೇಳಿದ್ದು ಕೇಳಿ ಹಣೆ ಚಚ್ಚಿಕೊಂಡ.

"ಗಂಟೆ ಎರಡಾಯ್ತು! ಎಲ್ಲಾ ಡಿಲೀಟ್ ಹೊಡಿಯಮ್ಮ."

"ಹೊಡೀಲಿ," ಅಂದ ಚಿಕ್ಕಹನುಮಯ್ಯ. "ಎರಡು ಸಾವಿರದ ಆರನೇ ಇಸವಿಯಿಂದ್ಲೇ ಶುರು ಮಾಡ್ಲಿ. ತೆಗಿಯಮ್ಮ, ಮೇ ತಿಂಗಳದ್ದು."

ರಂಜಿನಿ ತೆಗೆದಳು. ಹಳದಿ ಅಂಚಿನ ಕಾರ್ಡು. ಚಿರಂಜೀವಿ ಕಾಂತರಾಜು, ಸೌಭಾಗ್ಯವತಿ ರಮ್ಯಶ್ರೀ. ಕೆಳಗೆ, ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ.

ಕಾಂತರಾಜು ಟೇಬಲ್ಲಿನ ಮೇಲೆ ಕೈಯೂರಿ ಬಗ್ಗಿ ನೋಡಿದ. ಅಪ್ಪ ಬದುಕಿದ್ದಾಗಿನ ಕಾರ್ಡು. ಸುಖಾಗಮನ ಬಯಸುವವರಲ್ಲಿ ಅಪ್ಪನ ಹೆಸರೇ ಮೊದಲು. ಅವನ ಕೈ ಟೇಬಲ್ಲಿನಿಂದ ತಾನಾಗಿ ಕೆಳಗಿಳಿಯಿತು.

"ಇದನ್ ಬಿಟ್ಟು ಮಿಕ್ಕಿದ್ದು..." ಅಂದ ಮೆತ್ತಗೆ.

"ಮಿಕ್ಕಿದ್ದೋರೂ ಹಂಗೇ ಕಣ್ರೀ ಯಜಮಾನ್ರೇ. ಇದ್ ನೋಡಿ, ನಂದಿನಿ ಲೇಔಟ್‌ನೋರು. ಪ್ರೂಫ್ ನೋಡಕ್ಕೆ ಬಂದಾಗ ಬಿಸಿ ಹೋಳಿಗೆ ತಂದಿದ್ರು, ಎಲೆ ಮೇಲೆ ತುಪ್ಪ ಸುರೀತಿತ್ತು. ಇಲ್ಲಿ ನೋಡಿ, ಈ ತಾತಂಗೆ ಓದಕ್ ಬರ್ತಿರ್ಲಿಲ್ಲ. ಮಗಳ ಹೆಸ್ರು ಮೂರು ಸಲ ಓದಿಸ್ಕೊಂಡ. ಮೂರನೇ ಸಲ ಅತ್ತೇಬಿಟ್ಟ. ಈ ಛತ್ರ ಈಗೆಲ್ಲದೆ? ಒಡೆದು ಅಪಾರ್ಟ್‌ಮೆಂಟ್ ಕಟ್ಟವ್ರೆ. ಇಲ್ಲಿ ಮಾತ್ರ ಇನ್ನೂ ಅದೆ, ದಾರಿ ತೋರ್ಸೋ ನಕ್ಷೆ ಸಮೇತ."

ಮೂವರೂ ಒಂದಷ್ಟು ಹೊತ್ತು ಮದುವೆಗಳನ್ನೇ ನೋಡುತ್ತ ಕೂತುಬಿಟ್ಟರು. ಗಡಿಯಾರ ನೋಡಿದಾಗ ಎರಡು ನಲವತ್ತು.

"ಅಂಕಲ್, ಯಾರನ್ನೂ ಅಳಿಸೋದ್ ಬೇಡ," ಅಂದಳು ರಂಜಿನಿ. "ಈ ದೊಡ್ಡ ಫೈಲು ಇಲ್ಲೇ ನಿಮ್ಮ ಹತ್ರ ಇರ್ಲಿ, ಇನ್ನೊಂದು ಕಾಪೀನೂ ಮಾಡಿಡ್ತೀನಿ. ಸುಂಕದಕಟ್ಟೆಗೆ ಮೇಲಿನ ಒಂದು ಹಾಳೆ ಮಾತ್ರ ಬೇರೆ ತೆಗೆದು ಕಳ್ಸೋಣ. ಮದ್ವೆಗೆ ಹೋಗೋರು ಮನೇನೇ ಹೊತ್ಕೊಂಡ್ ಹೋಗ್ತಾರಾ?"

ಚಿಕ್ಕಹನುಮಯ್ಯ ತಲೆಯಾಡಿಸಿದ. ಅವಳು ಹಾಳೆ ಬೇರೆ ಮಾಡಿ ಕಳಿಸಲು ಹೋದಾಗ ಮೆಲ್ಲಗೆ ಅವಳ ಕೈ ತಡೆದ.

"ಕೆಳಗೆ ಯಾರೂ ಇಲ್ದೆ ಹಂಗೇ ಕಳ್ಸೋದಾ? ಹೊಸ ಮಕ್ಳು ಕಣಮ್ಮ. ಒಂದ್ ಜೋಡಿ ಆದ್ರೂ ಇರ್ಲಿ."

"ಹನುಮಣ್ಣ!" ಕಾಂತರಾಜು ಗಡಿಯಾರ ತೋರಿಸಿದ.

"ಒಂದ್ ಜೋಡಿ ಏನ್ ಭಾರ ಇಲ್ಲ ಸಾರ್," ರಂಜಿನಿ ನಕ್ಕಳು. "ಯಾರ್ನ ಇಡ್ಲಿ?"

ಚಿಕ್ಕಹನುಮಯ್ಯ ಪಟ್ಟಿಯ ತಳಕ್ಕೆ ಹೋದ. ಕಂಪ್ಯೂಟರಿನಲ್ಲಿ ಅವನು ಕೂಡಿಸಿದ ಮೊಟ್ಟಮೊದಲ ಕಾರ್ಡು. ದೊಡ್ಡಣ್ಣ, ಮುನಿತಾಯಮ್ಮ.

"ಇವ್ರು ಗಟ್ಟಿ. ಇಪ್ಪತ್ತಾರು ವರ್ಷದಿಂದ ದಿನಾ ಕಿತ್ತಾಡ್ತಾರೆ. ಮುನಿತಾಯಮ್ಮ ಎಸೆದ ಚೆಂಬು ಒಂದ್ಸಲ ಮೂರು ಮನೆ ದಾಟಿ ಬಿತ್ತಂತೆ. ದೊಡ್ಡಣ್ಣ ಹೋಗಿ ಎತ್ಕೊಂಡ್ ಬಂದು, ಅದ್ರಲ್ಲೇ ನೀರ್ ಕುಡ್ದ. ಒಬ್ರನ್ನೊಬ್ರು ಒಂದ್ ದಿನ ಬಿಟ್ಟಿದ್ದಿಲ್ಲ."

ಹೊಸ ಜೋಡಿಯ ಕೆಳಗೆ ಆ ಹಳೆಯ ಜೋಡಿಯನ್ನಿಟ್ಟು ರಂಜಿನಿ ಗುಂಡಿ ಒತ್ತಿದಳು. ಕಾಂತರಾಜು ಕಾಫಿ ಲೋಟ ತುಟಿಗಿಟ್ಟಿದ್ದ. ಗುಟುಕು ಗಂಟಲಿನಿಂದ ಇಳಿಯುವ ಮೊದಲೇ ಫೋನ್ ಬಡಿದುಕೊಂಡಿತು.

"ಹನುಮಣ್ಣ, ಏನಿದು ಮೋಸ?" ಕೆಂಚಪ್ಪ ರೇಗುತ್ತಿದ್ದ. "ಫೈಲ್ ಬರೋದ್ರಲ್ಲಿ ಊಟ ಮಾಡಿ ಒಂದ್ ನಿದ್ದೆ ತೆಗೀತಿದ್ದೆ. ಈಗ್ ನೋಡಿದ್ರೆ ಬಂದು ಕೂತದೆ!"

ಕಾಂತರಾಜು ಲೋಟ ಕೆಳಗಿಟ್ಟ. ಚಿಕ್ಕಹನುಮಯ್ಯನ ಮುಖ ನೋಡದೆ, ಗೋಡೆಗೆ ಹೇಳುವ ಹಾಗೆ ಹೇಳಿದ: "ನಾಳೆ ಹತ್ತಕ್ಕೇ ಬನ್ನಿ. ಕೆಂಗೇರಿಯೋರ ಕಾರ್ಡದೆ." ಬಾಗಿಲವರೆಗೆ ಹೋದವನು ತಿರುಗಿದ. "ನನ್ ಕಾರ್ಡು ಒಂದ್ ಪ್ರಿಂಟ್ ತೆಗೆದಿಡಿ. ಅಪ್ಪನ ಹೆಸ್ರು ಸರಿಯಾಗ್ ಕಾಣೋ ಹಂಗೆ."

ಚಿಕ್ಕಹನುಮಯ್ಯ ತನ್ನ ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತ. ಫೋನಿನಲ್ಲಿ ಕೆಂಚಪ್ಪ ಇನ್ನೂ ಬಯ್ಯುತ್ತಲೇ ಇದ್ದ.

"ಆಯ್ತಪ್ಪ, ಅಚ್ಚು ಹಾಕು," ಅಂದ ಚಿಕ್ಕಹನುಮಯ್ಯ. "ಸ್ವಲ್ಪ ಮೆತ್ತಗೆ ಹಾಕು. ಕೆಳಗೆ ಇಬ್ರು ಮಲಗವ್ರೆ, ಎಬ್ಬಿಸ್ಬೇಡ. ಎದ್ರೆ ಜಗಳ ಶುರು ಮಾಡ್ತಾರೆ."