ಆಕಾಶ ನೋಡುತ್ತಿದ್ದ ಕನ್ನಡಿ

ಮಾವ ಲಾರಿಯ ಮೆಟ್ಟಿಲ ಮೇಲೆ ನಿಂತು, ಪಕ್ಕದ ಕನ್ನಡಿಯನ್ನು ಎರಡೂ ಕೈಯಿಂದ ಹಿಡಿದು ಮೇಲಕ್ಕೆ ತಿರುಗಿಸಿಬಿಟ್ಟರು. ಹಿಂದಿನ ಹೊಳೆ, ಸೇತುವೆ, ಆಚೆ ದಡದಲ್ಲಿ ಒಂಟಿಯಾಗಿ ನಿಂತ ನೀರಿನ ಟ್ರೇಲರು, ಎಲ್ಲ ಮಾಯವಾಗಿ ಕನ್ನಡಿ ತುಂಬ ಬರೀ ಮೋಡ ಉಳಿಯಿತು.

"ನಿನ್ನ ಕಣ್ಣು ಹೋದ ಕಡೆ ಸ್ಟೀರಿಂಗೂ ಹೋಗುತ್ತೆ ಕಣಮ್ಮ," ಎಂದರು. "ನಿನ್ನೆ ಡಿಪೋದಲ್ಲಿ ಕನ್ನಡಿ ನೋಡ್ತಾ ಕಂಬಕ್ಕೆ ಮುತ್ತು ಕೊಟ್ಟೆಯಲ್ಲ, ಅಷ್ಟು ಸಾಕು. ಇಲ್ಲಿ ಕಂಬ ಇಲ್ಲ. ನೆಲಬಾಂಬು ಇದೆ."

ಸೊಸೆಗೆ ನಗು ಬಂದಷ್ಟೇ ಬೇಗ ಬತ್ತಿಹೋಯಿತು. ಎದುರಿಗಿದ್ದ ದಾರಿ ಹೊಳೆಯ ದಡದಿಂದ ನೆಟ್ಟಗೆ ಮೇಲಕ್ಕೆ ಹತ್ತುತ್ತಿತ್ತು. ಎರಡೂ ಬದಿಗೆ ಗೂಟ ಹೊಡೆದು ಬಿಳಿ ಪಟ್ಟಿ ಎಳೆದಿದ್ದರು. ಪಟ್ಟಿಯ ಒಳಗಿನ ನೆಲವನ್ನು ಸೈನ್ಯದವರು ಸೋಸಿದ್ದರು. ಹೊರಗಿನ ನೆಲದಲ್ಲಿ ಏನು ಹೂತಿದೆಯೆಂದು ಹೂತವರಿಗೇ ಗೊತ್ತು.

ಯುದ್ಧ ಶುರುವಾದ ವಾರದಲ್ಲೇ ಸೈನ್ಯ ಇವರ ಲಾರಿಯನ್ನು ವಶಕ್ಕೆ ತೆಗೆದುಕೊಂಡು ಹಸಿರು ಬಣ್ಣ ಬಳಿದಿತ್ತು. ಲಾರಿಯ ಜೊತೆಗೆ ಮಾವನನ್ನೂ. ಗಂಡನನ್ನು ಅದಕ್ಕೂ ಮುಂಚೆ ಇನ್ನೊಂದು ದಿಕ್ಕಿಗೆ ಇನ್ನೊಂದು ಲಾರಿ ಓಡಿಸಲು ಕರೆದೊಯ್ದಿದ್ದರು. ಹೊರಡುವಾಗ ಅವನು ಬೂಟಿನ ದಾರ ಬಿಗಿಯುತ್ತ ತಲೆಯೆತ್ತದೆ ಹೇಳಿದ್ದು ಇಷ್ಟೇ: "ಅಪ್ಪನ ಮೇಲೆ ಒಂದು ಕಣ್ಣಿಟ್ಟಿರು." ಮೊದಲ ಬಾಂಬಿನ ಸದ್ದಿಗೇ ಕ್ಲೀನರು ಕಾಲಿಗೆ ಬುದ್ಧಿ ಹೇಳಿದ ಮೇಲೆ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಕ್ಲೀನರನ ಸೀಟು ಹತ್ತಿದ್ದಳು. ಮಾವ ಒಂದು ದಿನ ಬೈದರು. ಎರಡನೆಯ ದಿನ ಗೇರು ಹಾಕುವುದನ್ನು ಕಲಿಸಿದರು.

ಈಗ ಗುಡ್ಡದ ಮೇಲಿನ ಆಸ್ಪತ್ರೆ ಡೇರೆಗಳಲ್ಲಿ ಗಾಯಾಳುಗಳಿಗೆ ಗಂಟಲು ಒದ್ದೆ ಮಾಡಲೂ ನೀರಿರಲಿಲ್ಲ. ಮುರಿದ ಸೇತುವೆಗೆ ಹಲಗೆ ಹಾಸಿ ಕಟ್ಟಿದ್ದ ತಾತ್ಕಾಲಿಕ ದಾರಿಯೋ, ಲಾರಿ ಮತ್ತು ಟ್ರೇಲರನ್ನು ಒಟ್ಟಿಗೆ ಹೊರುವ ಹಾಗಿರಲಿಲ್ಲ.

"ಅರ್ಧ ನೀರು ಚೆಲ್ಲಿಬಿಡಿ ಯಜಮಾನ್ರೇ," ಎಂದಿದ್ದ ಸೇತುವೆ ಕಾಯುವ ಸಿಪಾಯಿ.

"ಅರ್ಧ ತುಂಬಿದ ಟ್ಯಾಂಕು ಕುಡುಕ ಇದ್ದ ಹಾಗೆ ಕಣಯ್ಯ. ಒಳಗಿರೋದು ಅತ್ತ ಇತ್ತ ಹೊಯ್ದಾಡಿ ಹಲಗೆ ಮೇಲೇ ಮಲಗಿಬಿಡುತ್ತೆ. ತುಂಬಿದ್ದೇ ವಾಸಿ."

ಹಾಗಾಗಿ ಟ್ರೇಲರನ್ನು ಕಳಚಿಟ್ಟು ಮಾವ ಮೊದಲು ಲಾರಿಯನ್ನು ದಾಟಿಸಿದ್ದರು. ಎರಡರ ನಡುವೆ ಉಕ್ಕಿನ ಹಗ್ಗ ಬಿಗಿದಿದ್ದರು. ಇನ್ನು ಒಬ್ಬರು ಲಾರಿ ಓಡಿಸಿ ಎಳೆಯಬೇಕು. ಇನ್ನೊಬ್ಬರು ಟ್ರೇಲರಿನ ಹಿಂಗಾಲಿಯ ಬೆನ್ನಿಗೇ ಮರದ ಅಡ್ಡೆ ಹಿಡಿದು ನಡೆಯಬೇಕು, ಎಳೆತ ನಿಂತಾಗ ಅಡ್ಡೆಯನ್ನು ಗಾಲಿಯಡಿಗೆ ಕೊಟ್ಟು ಟ್ರೇಲರು ಹಿಂದಕ್ಕೆ ಉರುಳದಂತೆ ತಡೆಯಲು.

"ಅಡ್ಡೆ ನಾನು ಹಿಡೀತೀನಿ ಮಾವ."

"ಗಾಲಿ ಹಿಂದೆ ಬರೋದು ನಿಂಗೆ ಗೊತ್ತಾಗೋ ಹೊತ್ತಿಗೆ ನಿನ್ನ ಕಾಲು ಇರಲ್ಲ. ಸುಮ್ನೆ ಕೂತ್ಕೋ ಕನಸಮ್ಮ. ಸಿಪಾಯಿ ನಿನ್ನ ಮುಂದೆ ನಿಂತಿರ್ತಾನೆ. ಹಸಿರು ಬಾವುಟ ಆಡಿಸಿದ್ರೆ ಎಳಿ. ಕೆಂಪು ಆಡಿಸಿದ್ರೆ ನಿಲ್ಸು. ಬಾವುಟ ಕಾಣಲಿಲ್ಲವೋ, ಆಗಲೂ ನಿಲ್ಸು. ಹಿಂದೆ ಮಾತ್ರ ನೋಡಬೇಡ."

ಹಿಂದೆ ನೋಡಬೇಡ! ಅಜ್ಜಿಯ ಕಥೆಗಳಲ್ಲಿ ಎಷ್ಟು ರಾಜಕುಮಾರರಿಗೆ ಈ ಮಾತು ಹೇಳಿರಲಿಲ್ಲ. ಅವರೆಲ್ಲ ತಿರುಗಿ ನೋಡಿ ಕಲ್ಲಾಗಿದ್ದರು. "ನೀನಾಗಿದ್ರೆ ನೋಡ್ತಿದ್ಯೇನೇ?" ಎಂದು ಅಜ್ಜಿ ಕಥೆ ನಿಲ್ಲಿಸಿ ಕೇಳುತ್ತಿದ್ದಳು. "ಇಲ್ಲಪ್ಪ, ನಂಗೇನು ಹುಚ್ಚಾ?" ಎಂದು ಇವಳು ಹೊದಿಕೆಯೊಳಗಿಂದ ಕೂಗುತ್ತಿದ್ದಳು.

ಹಸಿರು ಬಾವುಟ ಆಡಿತು. ಕ್ಲಚ್ ಬಿಟ್ಟಳು. ಹಗ್ಗ ನೆಟ್ಟಗೆ ಬಿಗಿದು, ಲಾರಿಯ ಬೆನ್ನುಮೂಳೆಯಲ್ಲಿ ಒಂದು ನರಳಾಟ ಹೊರಟಿತು. ಚಕ್ರದ ಕೆಳಗೆ ಜಲ್ಲಿ ಕರಕರ ಎಂದಿತು. ಆನೆ ತನ್ನ ಮರಿಯನ್ನು ಎಳೆದುಕೊಂಡು ಹೋದಂತೆ ಲಾರಿ ಇಂಚಿಂಚಾಗಿ ಏರು ಹತ್ತಿತು.

ಕೆಂಪು. ಬ್ರೇಕ್ ಒತ್ತಿದಳು. ಜಲ್ಲಿಯ ಮೇಲೆ ಲಾರಿ ಒಂದು ಗೇಣು ಹಿಂದಕ್ಕೆ ಜಾರಿ ನಿಂತಿತು. ಹಿಂದಿನಿಂದ, ಗಾಲಿ ಅಡ್ಡೆಗೆ ಬಡಿದು 'ಟಕ್' ಎಂದದ್ದು ಕೇಳಿಸಿತು. ಆ ಸದ್ದೇ ಮಾವ ಇದ್ದಾರೆ ಎನ್ನುವುದಕ್ಕೆ ಗುರುತು. ಮತ್ತೆ ಹಸಿರು. ಮತ್ತೆ ಕೆಂಪು. ಪ್ರತಿ ಸಲವೂ ಆ ಗೇಣು ಜಾರುವಾಗ ಅವಳು ಹಿಂದಕ್ಕೆ ಕಿವಿಗೊಡುತ್ತಿದ್ದಳು. 'ಟಕ್' ಎಂದ ಮೇಲೆ ಉಸಿರು ಬರುತ್ತಿತ್ತು.

ಹಾಗೆ ಎಳೆಯುತ್ತ ಎಳೆಯುತ್ತ ಟ್ರೇಲರು ಸೇತುವೆಯ ಕೊನೆಯ ಏರು ಹಲಗೆಗಳಿಗೆ ಬಂದಿರಬೇಕು, ಎಂಜಿನ್ನಿನ ದನಿ ದಪ್ಪಗಾಯಿತು. ಅಷ್ಟರಲ್ಲಿ ಗುಡ್ಡದಾಚೆಯಿಂದ ಶಿಳ್ಳೆ ಹೊಡೆದುಕೊಂಡು ಬಂದ ಫಿರಂಗಿ ಗುಂಡೊಂದು ಹೊಳೆಗೆ ಬಿತ್ತು. ಲಾರಿಯ ಗಾಜುಗಳೆಲ್ಲ ಅದುರಿದವು. ಕಣ್ಣು ಬಿಡುವಷ್ಟರಲ್ಲಿ ಎದುರಿಗೆ ಸಿಪಾಯಿ ಇರಲಿಲ್ಲ. ಪಟ್ಟಿಯ ಒಳಬದಿಯ ಗುಂಡಿಯಲ್ಲಿ ಅವನ ಟೋಪಿಯ ನೆತ್ತಿ ಮಾತ್ರ ಕಂಡಿತು.

ಬಾವುಟವಿಲ್ಲ. ನಿಲ್ಲಿಸಬೇಕು.

ಅವಳ ಪಾದ ಬ್ರೇಕಿನ ಮೇಲೆ ಹೋಗಿ ಕೂತಿತು. ಒತ್ತಲಿಲ್ಲ. ನಿಲ್ಲಿಸಿದರೆ ಆ ಗೇಣು ಜಾರುತ್ತದೆ. ಜಾರಿದಾಗ 'ಟಕ್' ಎನ್ನದಿದ್ದರೆ?

ಎಡಗೈಯಲ್ಲಿ ಸ್ಟೀರಿಂಗ್ ಹಿಡಿದು ಬಲಗೈಯನ್ನು ಕಿಟಕಿಯಾಚೆ ಚಾಚಿದಳು. ಕನ್ನಡಿ ಬಿಗಿಯಾಗಿತ್ತು. ಉಗುರು ಕಿತ್ತು ಬರುವ ಹಾಗೆ ಎಳೆದಳು. ಮೋಡ ಓಡಿತು, ಹೊಳೆ ಓಡಿತು, ಸೇತುವೆ ಬಂದು ನಿಂತಿತು.

ಮಾವ ಬಿದ್ದಿದ್ದರು. ಟ್ರೇಲರಿನ ಹಿಂಗಾಲಿಯ ಹಿಂದೆಯೇ ಅಂಗಾತ, ಒಂದು ಕಾಲು ಹಲಗೆಗಳ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಕೈಯಲ್ಲಿ ಅಡ್ಡೆ ಇರಲಿಲ್ಲ. ಗಾಲಿಗೂ ಅವರ ಮೊಣಕಾಲಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ.

ಬ್ರೇಕಿನ ಮೇಲಿದ್ದ ಪಾದವನ್ನು ಕೆಂಡ ತುಳಿದವಳಂತೆ ಎತ್ತಿಕೊಂಡಳು. "ನಿಲ್ಲಬೇಡ ನನ್ನಪ್ಪಾ, ನಿಲ್ಲಬೇಡ," ಎಂದು ಲಾರಿಗೆ ಗೋಗರೆಯುತ್ತ ಎಂಜಿನ್ನಿನ ದನಿ ಏರದಂತೆ, ಇಳಿಯದಂತೆ ಹಿಡಿದಳು. ಕಣ್ಣು ಕನ್ನಡಿಗೆ ಅಂಟಿಕೊಂಡಿತ್ತು. ಕಣ್ಣು ಹೋದ ಕಡೆ ಸ್ಟೀರಿಂಗೂ ಹೊರಟಿತು. ಮುಂದಿನ ಚಕ್ರ ಒಂದು ಗೂಟವನ್ನು ಪಟ್ಟನೆ ಮುರಿಯಿತು, ಬಿಳಿ ಪಟ್ಟಿ ಬಾನೆಟ್ಟಿನ ಮೇಲೆ ಬಂದು ಬಿತ್ತು. ಅವಳು ಉಸಿರು ಕಟ್ಟಿ ಚಕ್ರವನ್ನು ಒಳಕ್ಕೆ ತಿರುಗಿಸಿದಳು. ಇನ್ನೊಂದು ಗುಂಡು ಎಲ್ಲೋ ಬಿತ್ತು. ಕನ್ನಡಿಯಲ್ಲಿ ಗಾಲಿ ಮಾವನಿಂದ ಒಂದು ಮೊಳ ದೂರವಾಯಿತು. ಮಾರು ದೂರವಾಯಿತು. ಏರು ಹಲಗೆ ಕಳೆದು, ದಡ ಹತ್ತಿ, ಟ್ರೇಲರು ಸಮನೆಲಕ್ಕೆ ಬಂದು ನಿಂತಿತು.

ಮಾವ ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಕಾಲುಚೀಲ ಹಾಕಿಕೊಂಡು ಕುಂಟುತ್ತ ಬಂದಾಗ ಅವಳ ಎರಡೂ ಕೈ ಸ್ಟೀರಿಂಗಿಗೆ ಬೆಸೆದುಹೋದಂತಿದ್ದವು. ಬೆರಳು ಬಿಡಿಸಿಕೊಳ್ಳಲು ಆಗಲಿಲ್ಲ. ಕಲ್ಲಾಗುವುದೆಂದರೆ ಇದೇ ಇರಬಹುದು ಎಂದುಕೊಂಡಳು.

ಅವರು ಬಾನೆಟ್ಟಿನ ಮೇಲಿನ ಪಟ್ಟಿ ನೋಡಿದರು. ಕನ್ನಡಿ ನೋಡಿದರು. ಅದರಲ್ಲಿ ತಮ್ಮ ಕೆಸರು ಮೆತ್ತಿದ ಮುಖ ನೋಡಿದರು.

"ಬೇಡ ಅಂದಿದ್ನಲ್ಲಾ?"

"ಅಂದಿದ್ರಿ ಮಾವ. ನಿಮ್ಮ ಮಗ ಬೇರೆ ಏನೋ ಹೇಳಿದ್ರು."

ಮಾವ ಗುಂಡಿಯಿಂದ ಏಳುತ್ತಿದ್ದ ಸಿಪಾಯಿಯ ಕಡೆ ತಿರುಗಿ, "ಏನಯ್ಯಾ, ಬಾವುಟದ ಜೊತೆಗೆ ನೀನೂ ಬಿತ್ತನೆ ಆಗಿಬಿಟ್ಟಿದ್ಯಾ? ಬಾ, ಟ್ರೇಲರು ಸಿಕ್ಕಿಸೋಕೆ ಕೈ ಕೊಡು," ಎಂದು ಗದರಿದರು. ಆಮೇಲೆ ಕುಂಟುತ್ತಲೇ ಸುತ್ತು ಹಾಕಿ ಬಂದು ಕ್ಲೀನರನ ಸೀಟಿಗೆ ಹತ್ತಿ ಕೂತರು.

"ಮಾವ, ಆ ಸೀಟು ನಂದು."

"ಈ ಕಾಲಲ್ಲಿ ಕ್ಲಚ್ ಒತ್ತೋಕಾಗಲ್ಲ. ನಡಿ, ಮೇಲೆ ಜನ ಬಾಯಾರಿ ಕೂತಿದಾರೆ." ಕಾಲುಚೀಲದ ನೀರು ಹಿಂಡಿ, ತಮ್ಮ ಬದಿಯ ಕನ್ನಡಿಯನ್ನೂ ಅವಳಿಗೆ ಕಾಣುವಂತೆ ತಿರುಗಿಸಿದರು. "ಹಿಂದೆಯೂ ನೋಡ್ಕೋ. ಆದ್ರೆ ಆ ಗೂಟಗಳನ್ನ ಇನ್ನು ತಿನ್ನಬೇಡ."